ನುಡಿ ಕಡತಗಳಿಂದ ಲಿನಕ್ಸ್‌ವರೆಗೆ: ಸಿಂಧನೂರಿನ ಡಿಟಿಪಿ ಅಂಗಡಿಯೊಂದರ ಅನುಭವ

ಸಿಂಧನೂರಿನಲ್ಲಿ ನಾನು ನಡೆಸುವ ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿಯಲ್ಲಿ ಬಹುಕಾಲ ವಿಂಡೋಸ್ 7 ಇತ್ತು. 2020ರ ಜನವರಿ 14ರಂದು ಮೈಕ್ರೋಸಾಫ್ಟ್ ಅದರ ಬೆಂಬಲವನ್ನು ನಿಲ್ಲಿಸಿದಾಗ ನಮ್ಮ ಕೆಲಸಕ್ಕೆ ಏನೂ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಬ್ರೌಸರ್‌ಗಳು ಅದನ್ನು ಕೈಬಿಟ್ಟಾಗ. ಕ್ರೋಮ್‌ನ 109ನೇ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದಾಯಿತು, 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕಾಯಿತು. ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿಯಾದ 115 ಕೆಲಕಾಲ ಕೈಹಿಡಿಯಿತಾದರೂ, ಅರ್ಜಿ ತುಂಬುವ ಕೆಲವು ಜಾಲತಾಣಗಳು ಕ್ರೋಮ್‌ನ ಹೊಸ ಆವೃತ್ತಿಯನ್ನೇ ಕೇಳತೊಡಗಿದವು.

ವಿಂಡೋಸ್ 10 ಹಾಕಿಸಬಹುದಿತ್ತು. ಆದರೆ ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಪ್ರಕಟವಾಗಿತ್ತು, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ಯಂತ್ರಗಳಲ್ಲಿರಲಿಲ್ಲ. ಆದ್ದರಿಂದ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆಗಳಲ್ಲೊಂದಾದ ಲಿನಕ್ಸ್ ಮಿಂಟ್ 22ರ, ಹಳೆಯ ಯಂತ್ರಗಳಿಗೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಂಡೆ. ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ, 4 ಜಿಬಿ ರ್‍ಯಾಮ್ ಇದ್ದರೆ ಸಲೀಸಾಗಿ ನಡೆಯುತ್ತದೆ. ಲಿನಕ್ಸ್ ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಬೇಕಾದ ಆವೃತ್ತಿ ಮಿಂಟ್ 20ರಿಂದಲೇ ನಿಂತಿದೆ.

ಲಿನಕ್ಸ್ ಹಾಕುವುದು ಈ ಬದಲಾವಣೆಯ ಸುಲಭದ ಭಾಗ. ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ, ವೈಫೈ, ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಂಡು ಅನಂತರವೇ ಡಿಸ್ಕಿನಲ್ಲಿ ಸ್ಥಾಪಿಸಬಹುದು. ನಮ್ಮಂಥ ಅಂಗಡಿಗಳಿಗೆ ನಿಜವಾಗಿ ಕಷ್ಟವಾಗುವುದು ಹಳೆಯ ಕನ್ನಡ ಕಡತಗಳು. ಕನ್ನಡ ಟೈಪಿಸಲು ಬಳಸುವ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬಾಡಿಗೆ ಕರಾರುಪತ್ರವೊಂದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಆ ಫಾಂಟ್ ಕಡತವನ್ನು ಲಿನಕ್ಸ್‌ಗೆ ನಕಲಿಸಿಕೊಂಡರೆ ಓದಲು ಮತ್ತು ಮುದ್ರಿಸಲು ಬರುತ್ತದೆಯಾದರೂ, ಕನ್ನಡದಲ್ಲಿ ಹೆಸರು ಹುಡುಕಲಾಗಲಿ, ಆ ಪಠ್ಯವನ್ನು ಜಾಲತಾಣದ ಅರ್ಜಿಯೊಳಗೆ ಅಂಟಿಸಲಾಗಲಿ ಆಗುವುದಿಲ್ಲ. ಹಾಗಾಗಿ ವಿಂಡೋಸ್ ಇನ್ನೂ ಇರುವಾಗಲೇ, ಮತ್ತೆ ಮತ್ತೆ ಬೇಕಾಗುವ ಕರಾರು, ಅಫಿಡವಿಟ್, ವಾಟ್ನಿಪತ್ರಗಳ ಮಾದರಿಗಳನ್ನು, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ಮೊದಲು ಮುಗಿಸಿದೆವು. ಉಳಿದ ಕಡತಗಳನ್ನು ಪಿಡಿಎಫ್ ಮಾಡಿ ಇಟ್ಟೆವು, ಏಕೆಂದರೆ ಎಲ್ಲವನ್ನೂ ಪರಿವರ್ತಿಸುತ್ತೇನೆಂದು ಹೊರಟರೆ ಆ ಕೆಲಸ ಮುಗಿಯುವುದಿಲ್ಲ.

ಪರಿವರ್ತಕ ತಂತ್ರಾಂಶಗಳು ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ, ಆದರೆ ಎರಡು ಕಡೆ ಕಣ್ಣಿಟ್ಟಿರಬೇಕು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಕೀಲಿಸಲಾಗಿರುತ್ತದೆ, ಯುನಿಕೋಡ್‌ನಲ್ಲಿ ಅದೇ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ‘ಪೂರ್ವಕ್ಕೆ’, ‘ಸರ್ವೆ’ ಮುಂತಾದ ಪದಗಳು ತುಂಬಿರುವ, ಆಸ್ತಿಯ ಎಲ್ಲೆ ಹೇಳುವ ಚಕ್ಕುಬಂದಿಯ ಭಾಗವನ್ನು ಇದೇ ಕಾರಣಕ್ಕೆ ಸಾಲುಸಾಲಾಗಿ ಓದಿಸಿದೆ. ಇನ್ನೊಂದು, ಕಡತದ ನಡುವೆ ಇಂಗ್ಲಿಷ್‌ನಲ್ಲಿಯೇ ಟೈಪಿಸಿದ ಹೆಸರು ಅಥವಾ ಪ್ಯಾನ್ ಸಂಖ್ಯೆ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ಭಾವಿಸಿ ಕೆಡಿಸುತ್ತದೆ. ಆಸ್ತಿ ಪತ್ರದಲ್ಲಿ ಇಂಥದ್ದೊಂದು ಉಳಿದುಕೊಂಡರೆ ಗಿರಾಕಿಗೆ ಆಗುವ ತೊಂದರೆ ಸಣ್ಣದಲ್ಲ.

ಕೀಲಿಮಣೆಯ ಬಗ್ಗೆ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆಗಳನ್ನು ಟೈಪಿಸಲು ಬಳಸುವ ಐಬಸ್ ಎಂ17ಎನ್ ಎಂಬ ಪ್ಯಾಕೇಜಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಇರುವುದರಿಂದ, ನುಡಿಯಲ್ಲಿ ಕೈ ಪಳಗಿದವರು ಒತ್ತಕ್ಷರಕ್ಕೆ ಅದೇ ಎಫ್ ಕೀಲಿಯನ್ನು ಒತ್ತಿದರಾಯಿತು. ನಮ್ಮ ಟೈಪಿಸ್ಟ್ ತಂಗಿ, “ಅಣ್ಣಾ, ಕೀಲಿ ಎಲ್ಲಾ ಮೊದಲಿನಂಗೇ ಅದಾವ, ನನಗಷ್ಟು ಸಾಕು,” ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು. ಸಿಂಧನೂರಿನ ಸುತ್ತ ತೆಲುಗು ಮಾತಾಡುವವರ ಕ್ಯಾಂಪುಗಳಿರುವುದರಿಂದ ತೆಲುಗಿನಲ್ಲಿಯೂ, ಊರೊಳಗಿನಿಂದ ಉರ್ದುವಿನಲ್ಲಿಯೂ ಲಗ್ನಪತ್ರಿಕೆ ಕೇಳಿ ಬರುವವರಿದ್ದಾರೆ. ಭಾಷೆಗೊಂದು ತಂತ್ರಾಂಶ ಬೇಕಾಗಿದ್ದ ಆ ಕೆಲಸವನ್ನು ಈಗ ಇಂಕ್‌ಸ್ಕೇಪ್ ಎಂಬ ಚಿತ್ರವಿನ್ಯಾಸ ತಂತ್ರಾಂಶ ಒಂದರಲ್ಲಿಯೇ ಮಾಡುತ್ತೇವೆ. ಉರ್ದುವಿಗೆ ನೋಟೋ ನಸ್ತಾಲೀಕ್ ಫಾಂಟ್ ಬಳಸುತ್ತೇವೆ.

ನಮ್ಮಲ್ಲಿದ್ದ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರಿಗೆ ಎಚ್‌ಪಿಎಲ್‌ಐಪಿ ಎಂಬ ಚಾಲಕ ತಂತ್ರಾಂಶದ ಜೊತೆಗೆ ಅದರ ಪ್ಲಗಿನ್ ಅನ್ನೂ ಹಾಕಬೇಕಾಯಿತು. ಕರೆಂಟ್ ಹೋಗಿ ಬಂದಾಗ ಕಡತವ್ಯವಸ್ಥೆ ಕೆಡಬಹುದೆಂಬ ಆತಂಕವಿತ್ತು. ಮಿಂಟ್ ಬಳಸುವ ಇಎಕ್ಸ್‌ಟಿ4 ಎಂಬ ಕಡತವ್ಯವಸ್ಥೆ ತನ್ನ ರಚನೆಯಲ್ಲಾಗುವ ಬದಲಾವಣೆಗಳ ದಾಖಲೆಯನ್ನು ಜರ್ನಲ್‌ನಲ್ಲಿ ಇಟ್ಟುಕೊಳ್ಳುವುದರಿಂದ ಯಂತ್ರ ಮತ್ತೆ ಚಾಲೂ ಆದಾಗ ತಾನೇ ಸರಿಪಡಿಸಿಕೊಳ್ಳುತ್ತದೆ. ಉಳಿಸದೆ ಬಿಟ್ಟ ಟೈಪಿಂಗ್ ಮಾತ್ರ ಹೋಗುತ್ತದೆ, ಅದಕ್ಕೆ ಯುಪಿಎಸ್ ಬೇಕೇ ಬೇಕು.

ಆದರೂ ವಿಂಡೋಸ್ ಅಂಗಡಿಯಿಂದ ಪೂರ್ತಿ ಹೋಗಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳ ಪಿಡಿಎಫ್‌ನಲ್ಲಿ ಡಿಜಿಟಲ್ ಸಹಿಯ ಪಕ್ಕ ಹಸಿರು ಗುರುತು ಮುದ್ರಣವಾಗಲೇಬೇಕೆಂದು ಗಿರಾಕಿಗಳು ಕೇಳುತ್ತಾರೆ. ಲಿನಕ್ಸ್‌ನಲ್ಲಿ ಪಿಡಿಎಫ್ ತೆರೆಯುವ ಓಕುಲರ್ ತಂತ್ರಾಂಶ ಸಹಿಯನ್ನು ಪರಿಶೀಲಿಸಿ ಹೇಳುತ್ತದೆಯೇ ಹೊರತು ಆ ಗುರುತನ್ನು ಕಾಗದದ ಮೇಲೆ ಮೂಡಿಸುವುದಿಲ್ಲ, ಅಡೋಬಿ ರೀಡರ್‌ನ ಲಿನಕ್ಸ್ ಆವೃತ್ತಿ 2013ರಲ್ಲೇ ನಿಂತಿದೆ. ಈ ಕೆಲಸಕ್ಕೂ, ಬೆರಳಚ್ಚು ಸಾಧನಕ್ಕೂ ವಿಂಡೋಸ್ 11 ಇರುವ ಒಂದು ಹೊಸ ಯಂತ್ರವನ್ನು ಕೊಂಡೆ. ಎಲ್ಲವೂ ಲಿನಕ್ಸ್‌ನಲ್ಲಿಯೇ ಆಗಬೇಕೆಂಬ ಹಟಕ್ಕಾಗಿ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ.

ಯುನಿಕೋಡ್ ಅರಿಯದ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಹಳೆಯ ವಿನ್ಯಾಸಗಳಿಗಾಗಿ ಒಂದು ವಿಂಡೋಸ್ 7 ಯಂತ್ರವನ್ನು ಇಂಟರ್ನೆಟ್ ತಂತಿ ಕಿತ್ತು ಮೂಲೆಯಲ್ಲಿ ಇಟ್ಟಿದ್ದೇವೆ. ಅವನ್ನು ಕೇಳಿ ಬರುವವರು ಕಡಿಮೆಯಾಗುತ್ತಿದ್ದಾರೆ, ಪಿಡಿಎಫ್ ಪ್ರತಿಗಳು ಬೇರೆ ಡಿಸ್ಕಿನಲ್ಲಿವೆ. ಆ ಯಂತ್ರ ಕೆಟ್ಟ ದಿನ ಅದನ್ನು ರಿಪೇರಿ ಮಾಡಿಸುವ ಯೋಚನೆ ನನಗಿಲ್ಲ.