ಸೊಂಟ ನೋವಿನ ಕ್ಲೇಮ್ ತಿರಸ್ಕಾರವಾದಾಗ ನಾನು ಮಾಡಿದ್ದೇನು

ಸೊಂಟ ನೋವಿಗೆ ನರ ಸುಡಿಸಿಕೊಂಡ ಚಿಕಿತ್ಸೆಯ ಖರ್ಚು ಕೇಳಿ ಹಾಕಿದ ನನ್ನ ಕ್ಲೇಮನ್ನು ತಿರಸ್ಕರಿಸಿದ ಪತ್ರದಲ್ಲಿ ವಿಮಾ ಕಂಪನಿ ಮೂರು ಕಾರಣ ಕೊಟ್ಟಿತ್ತು. ಒಂದು, ಇದು ಆಸ್ಪತ್ರೆಗೆ ಸೇರಬೇಕಾದ ಚಿಕಿತ್ಸೆಯೇ ಅಲ್ಲ, ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಮಾಡುವಂಥದ್ದು. ಎರಡು, ಅದಕ್ಕೆ ಮೊದಲು ಕೊಟ್ಟ ಇಂಜೆಕ್ಷನ್ ಬರೀ ಪರೀಕ್ಷೆ, ಚಿಕಿತ್ಸೆ ಅಲ್ಲ. ಮೂರು, ಈ ನೋವು ಪಾಲಿಸಿ ಮಾಡಿಸುವ ಮೊದಲೇ ಇತ್ತು, ನೀವು ಅದನ್ನು ಮುಚ್ಚಿಟ್ಟಿದ್ದೀರಿ. ದುಡ್ಡು ಬರಲಿಲ್ಲ ಅನ್ನುವುದಕ್ಕಿಂತ ಈ ಮೂರನೆಯ ಮಾತು ನನ್ನನ್ನು ಜಾಸ್ತಿ ಚುಚ್ಚಿತು. ವರ್ಷಗಟ್ಟಲೆ ನೋವು ತಿಂದವರನ್ನು ಸುಳ್ಳು ಹೇಳುವವರ ಸಾಲಿಗೆ ಸೇರಿಸಿದರೆ ಹೇಗನ್ನಿಸುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಕೊನೆಗೆ ಹಣ ಬಂತು. ಅದು ಬಂದ ದಾರಿಯನ್ನು ಬರೆದಿಡುತ್ತಿದ್ದೇನೆ. ಯಾಕೆಂದರೆ ಪೇನ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಾಗ ಪಕ್ಕದವರ ಬಾಯಲ್ಲಿ ಇದೇ ಮೂರು ಕಾರಣಗಳನ್ನು ಮತ್ತೆ ಮತ್ತೆ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರು ಆ ಪತ್ರವನ್ನು ಮಡಚಿಟ್ಟು ಸುಮ್ಮನಾಗಿದ್ದರು.

ನಾನು ಶಿವಮೊಗ್ಗದಲ್ಲಿ ಗಣಿತದ ಟೀಚರ್. ದಿನವಿಡೀ ನಿಂತು ಪಾಠ ಮಾಡುವ ಕೆಲಸ. 2022ರಲ್ಲಿ ಸೊಂಟದ ಬಲಭಾಗದಲ್ಲಿ ಶುರುವಾದ ನೋವು ಬಿಡಲೇ ಇಲ್ಲ. ಬಗ್ಗುವಾಗ ಅಷ್ಟಿಲ್ಲ, ಹಿಂದಕ್ಕೆ ವಾಲಿದರೆ, ಹೊರಳಿದರೆ ಜೀವ ಹೋಗುತ್ತಿತ್ತು. ಮಾತ್ರೆ, ಬೆಲ್ಟ್, ಫಿಸಿಯೋಥೆರಪಿ ಎಲ್ಲಾ ಆಯಿತು. ಎಂಆರ್‌ಐಯಲ್ಲಿ ‘ವಯಸ್ಸಿಗೆ ತಕ್ಕ ಸವೆತ’ ಅಂತ ಬಂತು. ಕೊನೆಗೆ ಬೆಂಗಳೂರಿನ ಪೇನ್ ಸ್ಪೆಷಲಿಸ್ಟ್ ಒಬ್ಬರು, ಇದು ಫೆಸೆಟ್ ಕೀಲುಗಳ ನೋವಿರಬಹುದು ಅಂದರು. ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಮುಂದಿನ ಮಣಿಗೆ ಜೋಡಿಸುವ ಸಣ್ಣ ಕೀಲುಗಳು ಅವು.

ಇಲ್ಲೊಂದು ವಿಷಯ ಅರ್ಥವಾಗಬೇಕು. ನಂತರದ ಜಗಳವೆಲ್ಲ ಇದರ ಮೇಲೆಯೇ ನಿಂತಿತ್ತು. ಫೆಸೆಟ್ ಕೀಲಿನಿಂದಲೇ ನೋವು ಬರುತ್ತಿದೆಯಾ ಅನ್ನುವುದನ್ನು ಎಂಆರ್‌ಐ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಸ್ಕ್ಯಾನಿನಲ್ಲಿ ಸವೆತ ಕಂಡರೂ ನೋವಿಲ್ಲದವರು ಇದ್ದಾರೆ. ಏನೂ ಕಾಣದೆಯೂ ನರಳುವವರು ಇದ್ದಾರೆ. ಹಾಗಾಗಿ ಆ ಕೀಲಿಗೆ ಹೋಗುವ ಸಣ್ಣ ನರದ ಪಕ್ಕ ಸ್ವಲ್ಪ ಅರಿವಳಿಕೆ ಮದ್ದು ಕೊಟ್ಟು ನೋಡುತ್ತಾರೆ. ಇದಕ್ಕೆ ಮೀಡಿಯಲ್ ಬ್ರಾಂಚ್ ಬ್ಲಾಕ್ ಎನ್ನುತ್ತಾರೆ. ಮದ್ದು ಕೆಲಸ ಮಾಡುವಷ್ಟು ಹೊತ್ತು ನೋವು ಇಳಿದರೆ ಕೀಲೇ ಕಾರಣ ಅಂತ ಗೊತ್ತಾಗುತ್ತದೆ. ಆಮೇಲೆ ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಷನ್. ಸೂಜಿಯ ತುದಿಯನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಒಂದರಿಂದ ಒಂದೂವರೆ ನಿಮಿಷ ಬಿಸಿ ಮಾಡಿ ಆ ನರವನ್ನು ಸುಡುತ್ತಾರೆ. ಎರಡನ್ನೂ ಆಪರೇಷನ್ ಥಿಯೇಟರಿನಲ್ಲಿ, ಸಿ-ಆರ್ಮ್ ಎಕ್ಸ್‌ರೇ ನೋಡಿಕೊಂಡು ಮಾಡುತ್ತಾರೆ. ಸಂಜೆಗೆ ಮನೆಗೆ ಕಳಿಸುತ್ತಾರೆ.

ನನಗೆ ಬ್ಲಾಕ್ ಕೊಟ್ಟ ದಿನ ಸಂಜೆ ನಾನು ನೆಟ್ಟಗೆ ನಿಂತಿದ್ದೆ. ಅದೇ ತಿಂಗಳಲ್ಲಿ, 2025ರ ಆರಂಭದಲ್ಲಿ, ಅಬ್ಲೇಷನ್ ಆಯಿತು. ಕ್ಯಾಶ್‌ಲೆಸ್ ಕೇಳಿದಾಗಲೇ ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ‘ಓಪಿಡಿ ಪ್ರೊಸೀಜರ್’ ಎಂದು ವಾಪಸ್ ಕಳಿಸಿತ್ತು. ಇನ್ಶೂರೆನ್ಸ್ ಡೆಸ್ಕಿನ ಹುಡುಗ, “ಮೇಡಂ, ಪೇನ್ ಕೇಸ್‌ಗಳಿಗೆ ಹೀಗೇ ಮಾಡ್ತಾರೆ, ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್ ಹಾಕಿ” ಅಂದ. ಸಾಲ ಮಾಡಿ ಕಟ್ಟಿದೆವು. ಎಲ್ಲ ಬಿಲ್ ಸೇರಿಸಿ ಕಳಿಸಿದ ಮೇಲೆ ಬಂದದ್ದು ಆ ಮೂರು ಕಾರಣಗಳ ಪತ್ರ.

ಮೊದಲು ಮಾಡಿದ ಕೆಲಸ ಪಾಲಿಸಿ ಪುಸ್ತಕ ತೆಗೆದು ಕೂತದ್ದು. ಕೈಗೆ ಬರುವ ಎರಡು ಪುಟದ ಸರ್ಟಿಫಿಕೇಟ್ ಸಾಲದು, ಷರತ್ತುಗಳಿರುವ ಪೂರ್ತಿ ಪುಸ್ತಕ ಬೇಕು. ಅದು ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಒಂದೊಂದು ಕಾರಣಕ್ಕೂ ಒಂದು ಹಾಳೆ ಇಟ್ಟುಕೊಂಡೆ. ಎಡಗಡೆ ಕಂಪನಿ ಹೇಳಿದ್ದು, ಬಲಗಡೆ ಪುಸ್ತಕದಲ್ಲಿ ಇರುವ ಮಾತು, ಕೆಳಗೆ ಅದಕ್ಕೆ ನನ್ನ ಹತ್ತಿರ ಇರುವ ಕಾಗದ. ನನ್ನ ನೋವು ಎಷ್ಟು, ಎಷ್ಟು ಕಷ್ಟಪಟ್ಟೆ ಅನ್ನುವುದನ್ನು ಆ ಹಾಳೆಗಳಲ್ಲಿ ಬರೆಯಲಿಲ್ಲ. ಓದುವವರು ಷರತ್ತಿಗೆ ಹೊಂದುತ್ತದಾ ಇಲ್ಲವಾ ಅಂತಷ್ಟೇ ನೋಡುತ್ತಾರೆ.

ಓಪಿಡಿ ಅನ್ನುವ ಕಾರಣವನ್ನು ನೋಡೋಣ. ಡೇ ಕೇರ್ ಚಿಕಿತ್ಸೆ ಅಂದರೇನು ಅನ್ನುವುದಕ್ಕೆ ಎಲ್ಲಾ ಕಂಪನಿಗಳ ಪಾಲಿಸಿಗಳಲ್ಲೂ ಹೆಚ್ಚುಕಡಿಮೆ ಒಂದೇ ವಿವರಣೆ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಅದನ್ನು ಹಾಗೆ ಗೊತ್ತುಮಾಡಿದೆ. ಜನರಲ್ ಅಥವಾ ಲೋಕಲ್ ಅನಸ್ತೇಷಿಯಾದಲ್ಲಿ ಮಾಡಿರಬೇಕು. ತಂತ್ರಜ್ಞಾನ ಮುಂದುವರಿದ ಕಾರಣ 24 ಗಂಟೆಯೊಳಗೆ ಮುಗಿದಿರಬೇಕು. ಆ ತಂತ್ರಜ್ಞಾನ ಇಲ್ಲದಿದ್ದರೆ 24 ಗಂಟೆಗಿಂತ ಜಾಸ್ತಿ ಆಸ್ಪತ್ರೆಯಲ್ಲಿ ಇರಬೇಕಾಗಿತ್ತು ಎನ್ನುವಂತಿರಬೇಕು. ಸಾಮಾನ್ಯವಾಗಿ ಓಪಿಡಿಯಲ್ಲಿ ಮಾಡುವ ಚಿಕಿತ್ಸೆ ಇದರಲ್ಲಿ ಸೇರದು. ಕಂಪನಿ ಹಿಡಿದುಕೊಂಡದ್ದು ಈ ಕೊನೆಯ ವಾಕ್ಯವನ್ನು. ನಾನು ಹಿಡಿದುಕೊಂಡದ್ದು ಅದಕ್ಕೆ ಮೊದಲಿನವನ್ನು.

ಇದಕ್ಕೆ ಡಾಕ್ಟರ ಪತ್ರ ಬೇಕು. ಅವರು ಮೊದಲು ಕೊಟ್ಟದ್ದು, ‘ಇವರಿಗೆ ಈ ಚಿಕಿತ್ಸೆ ಅಗತ್ಯವಿತ್ತು’ ಎಂಬ ಎರಡು ಸಾಲು. ಅಷ್ಟರಿಂದ ಏನೂ ಆಗುವುದಿಲ್ಲ. ಪಾಲಿಸಿಯ ಆ ಪುಟದ ಜೆರಾಕ್ಸ್ ತೆಗೆದುಕೊಂಡು ಹೋಗಿ, “ಡಾಕ್ಟ್ರೇ, ಇದರಲ್ಲಿರೋ ಒಂದೊಂದು ಅಂಶಕ್ಕೂ ಉತ್ತರ ಬರೆದುಕೊಡಿ” ಎಂದು ಕೇಳಿದೆ. ಅವರಿಗೂ ರೇಗಿತ್ತು, ಕಂಪನಿಯ ಮೇಲೆ. ಕೂತು ಒಂದೂವರೆ ಪುಟ ಬರೆದರು. ಥಿಯೇಟರ್ ಮತ್ತು ಸಿ-ಆರ್ಮ್ ಇಲ್ಲದೆ ಇದನ್ನು ಮಾಡಲು ಯಾಕೆ ಆಗದು, ಯಾವ ಅನಸ್ತೇಷಿಯಾ ಕೊಟ್ಟರು, ನಂತರ ಎಷ್ಟು ಹೊತ್ತು ಮಾನಿಟರಿನಲ್ಲಿ ಇಟ್ಟರು, ಇದಿಲ್ಲದಿದ್ದರೆ ಯಾವ ಸರ್ಜರಿ ಬೇಕಾಗುತ್ತಿತ್ತು, ಅದಕ್ಕೆ ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು, ಮಾತ್ರೆ ಮತ್ತು ಫಿಸಿಯೋಥೆರಪಿಯಿಂದ ಯಾಕೆ ಗುಣವಾಗಲಿಲ್ಲ, ಎಲ್ಲಾ ತಾರೀಖಿನ ಜೊತೆ. ನನ್ನ ಹಳೆಯ ಓಪಿಡಿ ಚೀಟಿಗಳು, ಫಿಸಿಯೋ ಬಿಲ್‌ಗಳು ಅದಕ್ಕೆ ಆಧಾರವಾದವು. ನೋವಿನ ಚಿಕಿತ್ಸೆಯಲ್ಲಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನೂರು ರೂಪಾಯಿಯ ಚೀಟಿಯನ್ನೂ ಎಸೆಯಬೇಡಿ.

ಎರಡನೆಯ ಕಾರಣ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ಪಾಲಿಸಿಗಳಲ್ಲಿ ‘ಇನ್ವೆಸ್ಟಿಗೇಷನ್ ಅಂಡ್ ಇವ್ಯಾಲ್ಯುಯೇಷನ್’ ಎಂಬ ಹೊರಗಿಡುವಿಕೆ ಇರುತ್ತದೆ, ಎಕ್ಸ್‌ಕ್ಲೂಷನ್ ಕೋಡ್ 04. ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ ಹಣ ಇಲ್ಲ. ಬ್ಲಾಕ್ ಕೊಟ್ಟದ್ದು ಕಾರಣ ಪತ್ತೆ ಹಚ್ಚಲು ಅನ್ನುವುದು ನಿಜವೇ. ಅದನ್ನು ಚಿಕಿತ್ಸೆ ಎಂದು ವಾದಿಸುತ್ತಾ ಕೂತರೆ ಸೋಲುತ್ತಿದ್ದೆ. ಆದರೆ ಅದೇ ಷರತ್ತಿನ ಮುಂದಿನ ಸಾಲು ಓದಿ. ಈಗಿನ ರೋಗಕ್ಕೂ ಚಿಕಿತ್ಸೆಗೂ ಸಂಬಂಧವಿಲ್ಲದ ಪರೀಕ್ಷೆಗಳ ಖರ್ಚನ್ನು ಹೊರಗಿಡುತ್ತೇವೆ ಅನ್ನುತ್ತದೆ. ಹಾಗಾದರೆ ಸಂಬಂಧ ಇರುವುದನ್ನು? ಪುಸ್ತಕದ ಇನ್ನೊಂದು ಕಡೆ, ಅಡ್ಮಿಷನ್‌ಗೆ ಮೊದಲಿನ ಖರ್ಚು ಅಂದರೆ ಪ್ರೀ-ಹಾಸ್ಪಿಟಲೈಸೇಷನ್ ಎಂಬ ಸೌಲಭ್ಯ ಇತ್ತು. ನನ್ನ ಪಾಲಿಸಿಯಲ್ಲಿ ಅದು 60 ದಿನ, ಕೆಲವು ಪಾಲಿಸಿಗಳಲ್ಲಿ 30 ದಿನ. ಅದೇ ಕಾಯಿಲೆಯ ಚಿಕಿತ್ಸೆಗೆ ಮುಂಚೆ ಮಾಡಿದ ಪರೀಕ್ಷೆ, ಮದ್ದು, ಕನ್ಸಲ್ಟೇಷನ್ ಎಲ್ಲಾ ಅದರಲ್ಲಿ ಬರುತ್ತದೆ. ಬ್ಲಾಕ್ ಆದದ್ದು ಅಬ್ಲೇಷನ್‌ಗೆ ಕೆಲವೇ ವಾರ ಮೊದಲು. ಹಾಗಾಗಿ ಬೇರೆ ಕ್ಲೇಮ್ ಆಗಿ ಕೇಳುವುದನ್ನು ಬಿಟ್ಟು, ಅಬ್ಲೇಷನ್ ಕ್ಲೇಮಿನ ಪ್ರೀ-ಹಾಸ್ಪಿಟಲೈಸೇಷನ್ ಖರ್ಚಾಗಿ ಕೇಳಿದೆ. ಬ್ಲಾಕ್ ಮಾಡದೆ ಅಬ್ಲೇಷನ್ ಮಾಡುವುದು ಸರಿಯಾದ ಪದ್ಧತಿ ಅಲ್ಲ ಎಂದು ಡಾಕ್ಟರ್ ಬರೆದುಕೊಟ್ಟರು. ‘ಎಂಆರ್‌ಐಯಲ್ಲಿ ಗಂಭೀರವಾದದ್ದೇನೂ ಇಲ್ಲ’ ಎಂದು ಕಂಪನಿ ಇನ್ನೊಂದು ಕಡೆ ಹೇಳಿತ್ತು. ಅದಕ್ಕೂ ಬ್ಲಾಕಿನ ಫಲಿತಾಂಶವೇ ಉತ್ತರವಾಯಿತು.

ಇನ್ನು ಮೂರನೆಯದು. ಇದರ ಮೂಲ ಎಲ್ಲಿ ಅಂತ ತಿಳಿಯಲು ಆಸ್ಪತ್ರೆಯ ಪೂರ್ತಿ ಕೇಸ್ ಶೀಟ್ ಕೇಳಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿ ಇದೆ. ಅದನ್ನು ಅರ್ಜಿಯಲ್ಲಿ ಬರೆದ ಮೇಲೆ ಬೇಗ ಸಿಕ್ಕಿತು. ಅಡ್ಮಿಷನ್ ದಿನ ಡ್ಯೂಟಿ ಡಾಕ್ಟರ್ ಬರೆದ ಒಂದು ಸಾಲು ಅಲ್ಲಿತ್ತು: ‘ಸೊಂಟ ನೋವು, 6 ವರ್ಷದಿಂದ.’ ನನ್ನ ಪಾಲಿಸಿ ಶುರುವಾದದ್ದು 2020ರಲ್ಲಿ. ಲೆಕ್ಕ ಹಾಕಿದರೆ ಪಾಲಿಸಿಗೆ ಮೊದಲು! ನಾನು ಆ ಡಾಕ್ಟರಿಗೆ ಹೇಳಿದ್ದು, ಹೆರಿಗೆಯಾದ ಮೇಲೆ ಆಗಾಗ ಸೊಂಟ ಹಿಡಿಯುತ್ತಿತ್ತು ಅಂತ. ಬಾಣಂತನದಲ್ಲಿ ಸೊಂಟ ಹಿಡಿಯದ ಹೆಂಗಸು ಯಾರಿದ್ದಾರೆ, ಅಲ್ವಾ? ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಹೋಗುತ್ತಿತ್ತು. ಆಗ ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ.

ಮೊದಲೇ ಇದ್ದ ಕಾಯಿಲೆ ಅಂದರೆ, ಪಾಲಿಸಿ ಶುರುವಾಗುವ ಮೊದಲಿನ ಇಂತಿಷ್ಟು ತಿಂಗಳಲ್ಲಿ ವೈದ್ಯರು ಪತ್ತೆ ಮಾಡಿದ ಅಥವಾ ಚಿಕಿತ್ಸೆ ಹೇಳಿದ ಕಾಯಿಲೆ. ಮೈಕೈ ನೋವೆಲ್ಲ ಅದರಲ್ಲಿ ಬರುವುದಿಲ್ಲ. ವೈದ್ಯರು ಪತ್ತೆ ಮಾಡಿದ್ದರೆ ಅದಕ್ಕೊಂದು ಕಾಗದ ಇರಬೇಕು. ಮುಚ್ಚಿಟ್ಟಿದ್ದಾರೆ ಎಂದು ಆರೋಪ ಮಾಡಿದವರು ಅದನ್ನು ತೋರಿಸಬೇಕು. ನನ್ನ ಮೊದಲ ಓಪಿಡಿ ಚೀಟಿ 2022ರದ್ದು, ಮೊದಲ ಎಂಆರ್‌ಐ ಅದರ ನಂತರದ್ದು. ಪಾಲಿಸಿ ಮಾಡಿಸುವಾಗ ಸಹಿ ಹಾಕಿದ ಪ್ರಪೋಸಲ್ ಫಾರ್ಮಿನ ಪ್ರತಿಯನ್ನೂ ಕಂಪನಿಯಿಂದ ಕೇಳಿ ತರಿಸಿಕೊಂಡೆ. ಅಲ್ಲಿ ಕೇಳಿದ್ದು ವೈದ್ಯರು ಹೇಳಿದ ಕಾಯಿಲೆಗಳ ಬಗ್ಗೆ. ಅದಕ್ಕೆ ನಾನು ಕೊಟ್ಟ ಉತ್ತರ ಸತ್ಯವೇ ಆಗಿತ್ತು. ನನ್ನ ಪಾಲಿಸಿಗೆ ಸತತ 60 ತಿಂಗಳು ತುಂಬಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಷ್ಟಾದ ಮೇಲೆ ವಂಚನೆ ಸಾಬೀತು ಮಾಡದೆ, ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ತಳ್ಳುವಂತಿಲ್ಲ. 2024ಕ್ಕೆ ಮೊದಲು ಈ ಅವಧಿ 8 ವರ್ಷ ಇತ್ತು. ನನಗೆ ಆ 60 ತಿಂಗಳಿಗೆ ಕೆಲವು ತಿಂಗಳು ಕಡಿಮೆ ಬಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಬೆನ್ನುಮೂಳೆ, ಡಿಸ್ಕ್, ಸಂಧಿವಾತದ ತೊಂದರೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ 24 ತಿಂಗಳ ಕಾಯುವ ಅವಧಿ ಇರುತ್ತದೆ. ಕಾಯಿಲೆ ಪಾಲಿಸಿ ಆದ ಮೇಲೆ ಬಂದಿದ್ದರೂ ಸರಿ, ಅಷ್ಟರೊಳಗೆ ಅದಕ್ಕೆ ಹಣ ಸಿಗುವುದಿಲ್ಲ. ನೀವು ಆ ಅವಧಿಯೊಳಗೆ ಇದ್ದರೆ ನಾನು ಹೇಳಿದ ಯಾವ ವಾದವೂ ನಡೆಯುವುದಿಲ್ಲ. ಚಿಕಿತ್ಸೆಯ ತಾರೀಖು ಇಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಕಾಗದ ಸಿದ್ಧವಾದ ಮೇಲೆ ಕಂಪನಿಯಲ್ಲಿ ದೂರು ನೋಡುವ ಗ್ರೀವೆನ್ಸ್ ಆಫೀಸರಿಗೆ ಇಮೇಲ್ ಕಳಿಸಿದೆ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಿನಲ್ಲೂ ದೂರು ಹಾಕಿದೆ. ಇಂಟರ್ನೆಟ್ ಕಷ್ಟ ಅನ್ನುವವರು 155255ಕ್ಕೆ ಫೋನ್ ಮಾಡಬಹುದು. ಇಮೇಲಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದೆ. 2024ರ ಮೇ ತಿಂಗಳ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಕಂಪನಿಯ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದು ಅನ್ನುವುದನ್ನೂ ಹೇಳಬೇಕು. ನನ್ನ ಕ್ಲೇಮ್ ಆ ಕಮಿಟಿಯ ಮುಂದೆ ಹೋಗಿತ್ತಾ, ಯಾವ ತಾರೀಖು? ಅದಕ್ಕೆ ನೇರ ಉತ್ತರ ಬರಲಿಲ್ಲ. ಬಂದದ್ದು ಹಳೆಯ ಪತ್ರದ ಅದೇ ವಾಕ್ಯಗಳು.

ಮುಂದಿನದು, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಇದರ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಹೋಗಬಹುದು. ಫೀಸ್ ಇಲ್ಲ, ವಕೀಲರು ಬೇಡ. ದೂರನ್ನು ಆನ್‌ಲೈನಿನಲ್ಲೂ ಹಾಕಬಹುದು. ಇವರು 50 ಲಕ್ಷದವರೆಗಿನ ಪರಿಹಾರ ಕೊಡಿಸಬಲ್ಲರು. ಇದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ್ದರೆ ಮಾತ್ರ ಇಲ್ಲಿ ತೆಗೆದುಕೊಳ್ಳುವುದಿಲ್ಲ. ನಾನು ಒಂಬುಡ್ಸ್‌ಮನ್ ಆರಿಸಿಕೊಂಡೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನನ್ನನ್ನು ಕಟ್ಟಿಹಾಕುವುದಿಲ್ಲ. ಒಪ್ಪಿಗೆಯಾಗದಿದ್ದರೆ ಆಯೋಗದ ಬಾಗಿಲು ತೆರೆದೇ ಇರುತ್ತದೆ.

ವಿಚಾರಣೆ ವಿಡಿಯೋ ಮೂಲಕ ನಡೆಯಿತು, ಶಿವಮೊಗ್ಗದ ಮನೆಯಲ್ಲೇ ಕೂತಿದ್ದೆ. ಜಾಸ್ತಿ ಹೊತ್ತು ಹಿಡಿಯಲಿಲ್ಲ. ಕಂಪನಿಯ ಕಡೆಯವರು ಹೊಸದೊಂದು ಕಾರಣ ತೆಗೆದರು, ಈ ಚಿಕಿತ್ಸೆಯೇ ಪ್ರಯೋಗದ ಹಂತದ್ದು ಅಂತ. ಅದು ತಿರಸ್ಕಾರ ಪತ್ರದಲ್ಲಿ ಇರಲಿಲ್ಲ. ಪತ್ರದಲ್ಲಿ ಇಲ್ಲದ ಕಾರಣವನ್ನು ಕಂಪನಿ ಆಮೇಲೆ ತರುವಂತಿಲ್ಲ ಎಂದು 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿಕೊಂಡಿದ್ದೆ, ಹೇಳಿದೆ. ಆಮೇಲೆ ಒಂಬುಡ್ಸ್‌ಮನ್ ಕಂಪನಿಯವರನ್ನು ಕೇಳಿದ್ದು ಒಂದೇ: 2020ಕ್ಕೆ ಮೊದಲಿನ ಯಾವುದಾದರೂ ಪ್ರಿಸ್ಕ್ರಿಪ್ಷನ್, ರಿಪೋರ್ಟ್ ನಿಮ್ಮ ಹತ್ತಿರ ಇದೆಯಾ? ಇರಲಿಲ್ಲ.

ಅಬ್ಲೇಷನ್ ಡೇ ಕೇರ್ ಎಂದೂ, ಬ್ಲಾಕ್ ಪ್ರೀ-ಹಾಸ್ಪಿಟಲೈಸೇಷನ್ ಖರ್ಚು ಎಂದೂ ತೀರ್ಪು ಬಂತು. ಗ್ಲೌಸ್, ಫೈಲ್ ಚಾರ್ಜ್ ಅಂಥ ಸಣ್ಣಪುಟ್ಟವನ್ನು ಕಳೆದು ಉಳಿದದ್ದನ್ನು ಕೊಟ್ಟರು. ತೀರ್ಪನ್ನು 30 ದಿನದೊಳಗೆ ಜಾರಿ ಮಾಡದಿದ್ದರೆ ಕಂಪನಿ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ ಕೊಡಬೇಕು ಎಂಬ ನಿಯಮ ಇರುವುದರಿಂದಲೋ ಏನೋ, ಹಣ ತಡವಾಗಲಿಲ್ಲ.

ಸುಟ್ಟ ನರ ಮತ್ತೆ ಬೆಳೆಯುತ್ತದೆ. ಹಲವರಿಗೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಆರಾಮ ಸಿಗುತ್ತದೆ, ಆಮೇಲೆ ಮತ್ತೆ ಮಾಡಿಸಬೇಕಾಗಬಹುದು. ಹಾಗಾಗಿ ಮುಂದಿನ ಸಲದ ಫೈಲ್ ಈಗಲೇ ಸಿದ್ಧ ಮಾಡಿದ್ದೇನೆ. ಡಾಕ್ಟರ ಪತ್ರ, ಹಿಂದಿನ ತೀರ್ಪು, 2022ರ ಮೊದಲ ಚೀಟಿ, ಮೂರೂ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಕೇಳುವ ಪ್ರೀ-ಆಥ್ ಅರ್ಜಿಯ ಜೊತೆಯಲ್ಲೇ ಹೋಗಬೇಕು ಎಂದು ಇನ್ಶೂರೆನ್ಸ್ ಡೆಸ್ಕಿಗೆ ಹೇಳಿಟ್ಟಿದ್ದೇನೆ. ಅಡ್ಮಿಷನ್ ದಿನ ಡ್ಯೂಟಿ ಡಾಕ್ಟರಿಗೆ ನೋವು ಶುರುವಾದ ತಿಂಗಳು, ವರ್ಷವನ್ನು ಬರೆದೇ ಕೊಡುತ್ತೇನೆ. ಅವರು ಕೇಸ್ ಶೀಟಿನಲ್ಲಿ ಏನು ಬರೆದರು ಎಂದು ಓದಿಸಿಕೊಂಡೇ ಥಿಯೇಟರಿಗೆ ಹೋಗುತ್ತೇನೆ.