ಪೆಡಲ್ ತುಳಿದು ಕರೆಂಟ್: ಸೈಕಲ್ ಜನರೇಟರ್ ಜೋಡಿಸುವುದು ಹೇಗೆ?

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಆರೋಗ್ಯ ಇರುವವರು ಒಂದು ಗಂಟೆ ಬಿಡದೆ ತುಳಿದರೆ ಕಾಲಿನಿಂದ ಬರುವ ಶಕ್ತಿ 75ರಿಂದ 100 ವ್ಯಾಟ್. ದಾರಿಯಲ್ಲಿ ಸೋರಿಹೋಗುವುದನ್ನು ಕಳೆದರೆ ಕೈಗೆ ಸಿಗುವುದು 50 ವ್ಯಾಟ್-ಅವರ್ ಆಸುಪಾಸು, ಅಂದರೆ 50 ವ್ಯಾಟಿನ ಉಪಕರಣ ಒಂದು ಗಂಟೆ ನಡೆಯುವಷ್ಟು. ಇಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಐದು ಗಂಟೆ ಉರಿಯುತ್ತದೆ, ಇಲ್ಲವೇ ಎರಡು ಮೊಬೈಲ್ ಚಾರ್ಜ್ ಆಗುತ್ತವೆ. ಒಂದು ಲೀಟರ್ ನೀರು ಕುದಿಸೋಕೇ 90 ವ್ಯಾಟ್-ಅವರ್ ಹತ್ತಿರ ಬೇಕು. ಹಾಗಾಗಿ ಹೀಟರ್, ಇಸ್ತ್ರಿ ಪೆಟ್ಟಿಗೆಯ ಆಸೆ ಬಿಟ್ಟುಬಿಡಿ.

ಜನರೇಟರ್ ಆಗಿ ಶಾಶ್ವತ ಅಯಸ್ಕಾಂತದ ಡಿಸಿ ಮೋಟರ್ ತೆಗೆದುಕೊಳ್ಳಿ. ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಬರುವ 24 ವೋಲ್ಟ್, 250 ವ್ಯಾಟಿನದು ಸಾಕು. ಕಾರಿನ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್, ಅಂದರೆ ಆಲ್ಟರ್ನೇಟರ್ ಬೇಡ. ಅದರ ಒಳಗಿನ ಸುರುಳಿಗೇ ಮೊದಲು ಕರೆಂಟ್ ಉಣಿಸಬೇಕು, ನಿಮ್ಮ ಬೆವರಿನಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಸೈಕಲ್ಲಿನ ಹಿಂದಿನ ಚಕ್ರ ನೆಲದಿಂದ ಮೇಲೇಳುವಂತೆ ಗಟ್ಟಿಯಾದ ಸ್ಟ್ಯಾಂಡ್ ಮಾಡಿಸಿ. ಮೋಟರಿನ ಶಾಫ್ಟ್‌ಗೆ ಚಿಕ್ಕ ರೋಲರ್ ಕೂರಿಸಿ, ಅದು ಟೈರಿಗೆ ಒತ್ತಿಕೊಳ್ಳುವಂತೆ ಮೋಟರ್ ಬಿಗಿಯಿರಿ. ಇಡೀ ಕೆಲಸದ ಜೀವ ಇರುವುದು ಇಲ್ಲಿನ ವೇಗದ ಲೆಕ್ಕದಲ್ಲಿ. ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ, ಗಿಯರ್‌ನಿಂದ ಚಕ್ರ 150 ಸುತ್ತುತ್ತದೆ ಎನ್ನಿ. ಚಕ್ರದ ವ್ಯಾಸ 66 ಸೆಂ.ಮೀ., ರೋಲರ್‌ನದು 4 ಸೆಂ.ಮೀ. ಆದರೆ ಮೋಟರ್ ಹದಿನಾರೂವರೆ ಪಟ್ಟು ಜೋರಾಗಿ, ಅಂದರೆ ಸುಮಾರು 2,475 ಸುತ್ತು ತಿರುಗುತ್ತದೆ. ಈ ಬಗೆಯ ಮೋಟರಿಗೆ ಬೇಕಿರುವುದೂ ಹೆಚ್ಚುಕಡಿಮೆ ಅಷ್ಟೇ. ರೋಲರ್ ದಪ್ಪವಾದರೆ ವೋಲ್ಟೇಜ್ ಏಳುವುದಿಲ್ಲ. ಟೈರ್ ನುಣುಪಾಗಿರಲಿ, ಗಾಳಿ ತುಂಬಿರಲಿ. ಗುಬಟು ಗುಬಟಾದ ಟೈರ್ ಸದ್ದು ಮಾಡುತ್ತದೆ, ಶಕ್ತಿಯನ್ನೂ ತಿನ್ನುತ್ತದೆ.

ಏನನ್ನೂ ಜೋಡಿಸದೆ ಒಮ್ಮೆ ತುಳಿದು, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ, ಪ್ಲಸ್ ತಂತಿ ಯಾವುದೆಂದು ಗುರುತು ಹಾಕಿಕೊಳ್ಳಿ. ಆ ತಂತಿಗೆ 15–20 ಆಂಪಿಯರ್ ತಾಳುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ, ಪಟ್ಟಿ ಇರುವ ತುದಿ ಬ್ಯಾಟರಿ ಕಡೆಗೆ. ಇದು ಇಲ್ಲದಿದ್ದರೆ ತಮಾಷೆ ನೋಡಬಹುದು: ನೀವು ಸೈಕಲ್ ಇಳಿದರೂ ಬ್ಯಾಟರಿಯೇ ಮೋಟರ್ ಓಡಿಸಿ ಚಕ್ರ ಸುಮ್ನೆ ತಿರುಗುತ್ತಿರುತ್ತದೆ.

ಬ್ಯಾಟರಿಗೆ ನೇರವಾಗಿ ಕೊಡಬೇಡಿ. ತುಳಿತ ಏರಿಳಿದಂತೆ ವೋಲ್ಟೇಜೂ ಕುಣಿಯುತ್ತದೆ. ನಡುವೆ ವೋಲ್ಟೇಜನ್ನು ಏರಿಸಿ-ಇಳಿಸಿ ಕೊಡುವ, ಕರೆಂಟಿಗೂ ಮಿತಿ ಹಾಕಬಹುದಾದ ಡಿಸಿ ಕನ್ವರ್ಟರ್ ಇರಲಿ. 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಗೆ 13.8 ವೋಲ್ಟ್, 4 ಆಂಪಿಯರ್‌ಗೆ ಹೊಂದಿಸಿ. ಇದು ಸುಮಾರು 55 ವ್ಯಾಟ್. ಮಿತಿ ಜಾಸ್ತಿ ಮಾಡಿದರೆ ಕಾಲಿಗೆ ತಕ್ಷಣ ಗೊತ್ತಾಗುತ್ತದೆ, ಪೆಡಲ್ ಕೆಸರಿನಲ್ಲಿ ಸಿಕ್ಕಿದ ಹಾಗೆ ಭಾರವಾಗುತ್ತದೆ. ಬ್ಯಾಟರಿ 20 ಆಂಪಿಯರ್-ಅವರ್‌ಗಿಂತ ಕಡಿಮೆ ಬೇಡ, ಅದರ ಪ್ಲಸ್ ತುದಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ಇಟ್ಟ ಜಾಗದಲ್ಲಿ ಗಾಳಿಯಾಡಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವ ಸಾಧ್ಯತೆ ಇರುತ್ತದೆ.

ಬಳಸುವುದು ಹೇಗೆ? ಆದಷ್ಟು 12 ವೋಲ್ಟಿನ ದೀಪ, ಯುಎಸ್‌ಬಿ ಚಾರ್ಜರ್‌ಗಳನ್ನೇ ಹಾಕಿಕೊಳ್ಳಿ. ಇನ್ವರ್ಟರ್ ತಾನೇ ಒಂದಿಷ್ಟು ಕರೆಂಟ್ ನುಂಗುತ್ತದೆ, ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಅದಕ್ಕೆ ಕೊಡೋದೇಕೆ ಅಲ್ವಾ? ಇನ್ವರ್ಟರ್ ಹಾಕಿದರೂ ಅದರ ಪ್ಲಗ್‌ನಿಂದಲೇ ಉಪಕರಣ ನಡೆಸಿ. ಮನೆಯ ವೈರಿಂಗ್‌ಗೆ ಸಿಕ್ಕಿಸುವ ಕೆಲಸ ಬೇಡವೇ ಬೇಡ, ಕರೆಂಟ್ ಹಿಮ್ಮುಖವಾಗಿ ಬೀದಿಯ ಲೈನಿಗೆ ಹರಿದರೆ ಹೊರಗೆ ರಿಪೇರಿ ಮಾಡುತ್ತಿರುವವರ ಪ್ರಾಣಕ್ಕೆ ಕುತ್ತು.