ಹಳೆಯ ಮ್ಯಾಕ್‌ಬುಕ್‌ಗೆ ಹೊಸ ಮ್ಯಾಕ್‌ಓಎಸ್ ಹಾಕುವುದು ಹೇಗೆ?

2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೋ ಇನ್ನೂ ಅನೇಕರ ಮನೆಯಲ್ಲಿದೆ. ಮೈಕಟ್ಟು ಗಟ್ಟಿ, ಕೀಲಿಮಣೆ ಸೊಗಸು. ಆದರೆ ಆ್ಯಪಲ್ ಈ ಮಾದರಿಗೆ ಅಧಿಕೃತವಾಗಿ ಕೊಟ್ಟ ಮ್ಯಾಕ್‌ಓಎಸ್ (ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆ) ಕೊನೆಯ ಆವೃತ್ತಿ 2019ರ ಕ್ಯಾಟಲಿನಾ. ಅದರ ಭದ್ರತಾ ಅಪ್‌ಡೇಟ್‌ಗಳು 2022ರಲ್ಲೇ ನಿಂತವು, ಹೊಸ ಕ್ರೋಮ್ ಬ್ರೌಸರ್ ಕೂಡ ಅದರ ಮೇಲೆ ಕೂರುವುದಿಲ್ಲ. ಇದಕ್ಕೆ ಪರಿಹಾರ 'ಓಪನ್‌ಕೋರ್ ಲೆಗಸಿ ಪ್ಯಾಚರ್' ಎಂಬ ಉಚಿತ ತಂತ್ರಾಂಶ. ಇದನ್ನು ಬಳಸಲು ಹೋದ ಪರಿಚಿತರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಗ್ಗರಿಸಿದ್ದನ್ನು ನಾನು ನೋಡಿದ್ದೇನೆ: ತೆರೆಯ ಮೇಲೆ ಡೆಸ್ಕ್‌ಟಾಪ್ ಕಂಡ ಕೂಡಲೇ ಕೆಲಸ ಮುಗಿಯಿತೆಂದುಕೊಂಡು ಪೆನ್‌ಡ್ರೈವ್ ಕಿತ್ತಿಟ್ಟರು, ಮರುದಿನ ಬೆಳಗ್ಗೆ ಯಂತ್ರ ಏಳಲೇ ಇಲ್ಲ. ಆದ್ದರಿಂದ ಸುಲಭದ ಹಂತಗಳನ್ನು ಬೇಗ ದಾಟಿ, ಆ ಜಾಗದಲ್ಲಿ ನಿಧಾನಿಸುತ್ತೇನೆ.

ಒಂದು ಮಾತು ಮೊದಲೇ ಹೇಳಬೇಕು. ಮ್ಯಾಕ್‌ಓಎಸ್ ಅನ್ನು ಆ್ಯಪಲ್ ಕಂಪ್ಯೂಟರುಗಳ ಮೇಲೆ ಮಾತ್ರ ಬಳಸಬೇಕೆಂಬುದು ಅದರ ಪರವಾನಗಿಯ ಷರತ್ತು. ಇಲ್ಲಿ ಹೇಳುವುದು ಹಳೆಯ ಮ್ಯಾಕ್‌ಗಳ ವಿಷಯ. ಅಸೆಂಬಲ್ ಮಾಡಿಸಿದ ಪಿಸಿಗೆ ಇದೇ ದಾರಿ ಹಿಡಿಯುವವರಿಗೆ ಈ ಲೇಖನದಿಂದ ಉಪಯೋಗವಿಲ್ಲ.

ಈ ಪ್ಯಾಚರ್ ಮಾಡುವ ಕೆಲಸಗಳು ಎರಡು, ಅವೆರಡೂ ಬೇರೆ ಬೇರೆ. ಯಂತ್ರ ಆನ್ ಆದೊಡನೆ, ಮ್ಯಾಕ್‌ಓಎಸ್‌ಗಿಂತ ಮೊದಲೇ ಓಪನ್‌ಕೋರ್ ಎದ್ದು, ಮಾದರಿಯನ್ನು ನೋಡಿ ತಡೆಯುವ ತಪಾಸಣೆಯನ್ನು ದಾಟಿಸುತ್ತದೆ. ಆದರೆ ಹೊಸ ಆವೃತ್ತಿಗಳಲ್ಲಿ ಹಳೆಯ ಯಂತ್ರಾಂಶವನ್ನು ನಡೆಸುವ ಕಿರು ತಂತ್ರಾಂಶಗಳಾದ ಡ್ರೈವರ್‌ಗಳನ್ನೇ ತೆಗೆದುಹಾಕಲಾಗಿದೆ. ಈ ಮಾದರಿಯ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರ್ 2021ರ ಮಾಂಟೆರೆಯಿಂದಲೇ ಇಲ್ಲ. ಅವನ್ನು ಮರಳಿ ಸೇರಿಸುವುದಕ್ಕೆ 'ರೂಟ್ ಪ್ಯಾಚ್' ಎನ್ನುತ್ತಾರೆ. ಓಪನ್‌ಕೋರ್ ಬಾಗಿಲು ತೆರೆಸುತ್ತದೆ, ರೂಟ್ ಪ್ಯಾಚ್ ಒಳಗಿನ ಒಲೆ ಹೊತ್ತಿಸುತ್ತದೆ.

ಸಿದ್ಧತೆ

ಹಾರ್ಡ್‌ಡಿಸ್ಕ್ ಇನ್ನೂ ಹಳೆಯ ತಿರುಗುವ ಬಗೆಯದಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ತಿರುಗುವ ಭಾಗಗಳಿಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದನ್ನೂ 8 ಜಿಬಿಯ ಎರಡು ಡಿಡಿಆರ್3 ರ‍್ಯಾಮ್‌ಗಳನ್ನೂ ತನ್ನಿ; ಈ ಮಾದರಿಗೆ 8 ಜಿಬಿಯೇ ಮಿತಿ ಎಂದು ಆ್ಯಪಲ್ ಹೇಳಿದ್ದರೂ 16 ಜಿಬಿ ಸಲೀಸಾಗಿ ನಡೆಯುತ್ತದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿಯ ಕೇಬಲ್ ಈ ಮಾದರಿಯಲ್ಲಿ ಕೈಕೊಡುವುದು ಸಾಮಾನ್ಯ. ಅನುಸ್ಥಾಪನೆ ಅರ್ಧದಲ್ಲಿ ಕಾರಣವಿಲ್ಲದೆ ನಿಂತರೆ ತಂತ್ರಾಂಶವನ್ನು ಬೈಯುವ ಮೊದಲು ಆ ಕೇಬಲ್ ಬದಲಿಸಿ. ಪೆನ್‌ಡ್ರೈವ್ 32 ಜಿಬಿಯದಿರಲಿ, ಬಿಲ್ ಸಹಿತ ಕೊಳ್ಳಿ. ಮೇಲೆ 128 ಎಂದು ಬರೆದು ಒಳಗೆ ಅಷ್ಟು ಜಾಗವೇ ಇರದ ಅಗ್ಗದ ಮಾಲು ಅರ್ಧ ದಿನ ತಿನ್ನುತ್ತದೆ. ನಿಮ್ಮ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳಿ.

ಆವೃತ್ತಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ: 2024ರ ಸಿಕೋಯಾ ಹಾಕಿ, 2025ರ ಟಾಹೋ ಕಡೆಗೆ ಆಸೆಪಡಬೇಡಿ.

ಪೆನ್‌ಡ್ರೈವ್

ಗಿಟ್‌ಹಬ್‌ನಲ್ಲಿರುವ ಡಾರ್ಟೇನಿಯಾ ತಂಡದ ಪುಟದಿಂದಲೇ ಪ್ಯಾಚರ್ ಇಳಿಸಿಕೊಳ್ಳಿ. ಇದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. 'ಕ್ರಿಯೇಟ್ ಮ್ಯಾಕ್‌ಓಎಸ್ ಇನ್‌ಸ್ಟಾಲರ್' ಒತ್ತಿ, ಸಿಕೋಯಾ ಆರಿಸಿ, ಅದು ಇಳಿದು ಪೆನ್‌ಡ್ರೈವ್‌ಗೆ ಬರೆಯುವವರೆಗೆ ಕಾಯಿರಿ.

ಇಷ್ಟಾದರೆ ಪೆನ್‌ಡ್ರೈವ್‌ನಲ್ಲಿ ಅನುಸ್ಥಾಪಕ ಮಾತ್ರ ಇರುತ್ತದೆ, ಓಪನ್‌ಕೋರ್ ಇರುವುದಿಲ್ಲ. 'ಬಿಲ್ಡ್ ಆ್ಯಂಡ್ ಇನ್‌ಸ್ಟಾಲ್ ಓಪನ್‌ಕೋರ್' ಒತ್ತಿ ಅದೇ ಪೆನ್‌ಡ್ರೈವ್ ಆರಿಸಬೇಕು. ಈ ಕೆಲಸವನ್ನು ಬೇರೊಂದು ಮ್ಯಾಕ್‌ನಲ್ಲಿ ಮಾಡುತ್ತಿದ್ದರೆ, ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗುರಿಯ ಮಾದರಿಯನ್ನು 'ಮ್ಯಾಕ್‌ಬುಕ್‌ಪ್ರೋ 9,2' ಎಂದು ಬದಲಿಸಿ. ಇಲ್ಲವಾದರೆ ಕೈಯಲ್ಲಿರುವ ಯಂತ್ರಕ್ಕೆ ಹೊಂದುವ ಓಪನ್‌ಕೋರ್ ತಯಾರಾಗುತ್ತದೆ, ಹಳೆಯದಕ್ಕಲ್ಲ.

ಅನುಸ್ಥಾಪನೆ

ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಯಂತ್ರ ಆನ್ ಮಾಡಿ. ಸಾಲಾಗಿ ಕಾಣುವ ಚಿತ್ರಗಳಲ್ಲಿ ಅನುಸ್ಥಾಪಕದ ಚಿತ್ರ ಕಣ್ಣಿಗೆ ಬಿದ್ದ ಕೂಡಲೇ ಅದನ್ನೇ ಆರಿಸುವುದು ಸಹಜ. ಹಾಗೆ ಮಾಡಿದರೆ ಅಡ್ಡಗೆರೆಯುಳ್ಳ ವೃತ್ತ ಬಂದು ನಿಲ್ಲುತ್ತದೆ. ಮೊದಲು 'ಇಎಫ್‌ಐ ಬೂಟ್' ಆರಿಸಬೇಕು (ಓಪನ್‌ಕೋರ್ ಇರುವುದು ಅದರಲ್ಲೇ), ಅದರ ನಂತರ ಬರುವ ಪಟ್ಟಿಯಲ್ಲಿ ಅನುಸ್ಥಾಪಕವನ್ನು. 'ಇಎಫ್‌ಐ ಬೂಟ್' ಆರಿಸುವಾಗ ಕಂಟ್ರೋಲ್ ಕೀಲಿ ಹಿಡಿದು ಎಂಟರ್ ಒತ್ತಿದರೆ ಅದೇ ಖಾಯಂ ಆಯ್ಕೆಯಾಗುವುದರಿಂದ ನಡುವೆ ಯಂತ್ರ ತಾನಾಗಿ ಹಲವು ಸಲ ರೀಸ್ಟಾರ್ಟ್ ಆದಾಗ ದಾರಿ ತಪ್ಪುವುದಿಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ಎಲ್ಲ ಸಾಧನಗಳನ್ನೂ ತೋರಿಸುವ ಆಯ್ಕೆ ಒತ್ತಿ, ಇಡೀ ಎಸ್‌ಎಸ್‌ಡಿಯನ್ನು ಎಪಿಎಫ್‌ಎಸ್ (ಆ್ಯಪಲ್‌ನ ಕಡತ ವ್ಯವಸ್ಥೆ) ಮಾದರಿಯಲ್ಲಿ ಅಳಿಸಿ ಮುಂದುವರಿಯಿರಿ. ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಹೋಗುವ ಹೊತ್ತನ್ನು ತಪ್ಪಿಸಿ ಕೂರುವುದು ಒಳ್ಳೆಯದು.

ಎಡವುವ ಜಾಗ

ಡೆಸ್ಕ್‌ಟಾಪ್ ಬರುತ್ತದೆ. ಕಿಟಕಿಗಳು ಎಳೆದಾಡುತ್ತವೆ, ವೈಫೈ ಇಲ್ಲ. ಯಂತ್ರ ಈ ಹೊತ್ತಿನಲ್ಲಿ ಪೆನ್‌ಡ್ರೈವ್‌ನ ಓಪನ್‌ಕೋರ್ ಹಿಡಿದುಕೊಂಡು ನಿಂತಿದೆ. ಒಳಗಿನ ಡಿಸ್ಕಿಗೆ ಅದು ತಾನಾಗಿ ಬರುವುದಿಲ್ಲ.

ಪ್ಯಾಚರನ್ನು ಹೊಸ ವ್ಯವಸ್ಥೆಯೊಳಗೆ ತೆರೆದು, ಮತ್ತೆ 'ಬಿಲ್ಡ್ ಆ್ಯಂಡ್ ಇನ್‌ಸ್ಟಾಲ್ ಓಪನ್‌ಕೋರ್' ಒತ್ತಿ, ಈ ಸಲ ಒಳಗಿನ ಎಸ್‌ಎಸ್‌ಡಿಯನ್ನು ಆರಿಸಿ. ಪಟ್ಟಿಯಲ್ಲಿ ಎರಡು ಡಿಸ್ಕ್‌ಗಳು ಕಂಡಾಗ ಗಾತ್ರ ನೋಡಿಕೊಂಡೇ ಒತ್ತಿ, ಏಕೆಂದರೆ ಅವಸರದಲ್ಲಿ ಪೆನ್‌ಡ್ರೈವ್‌ಗೇ ಎರಡನೆಯ ಬಾರಿ ಹಾಕಿದವರಿದ್ದಾರೆ. ಬಳಿಕ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಕಿತ್ತು, ಆಪ್ಷನ್ ಹಿಡಿದು ಆನ್ ಮಾಡಿ, ಒಳಗಿನ ಡಿಸ್ಕಿನ 'ಇಎಫ್‌ಐ ಬೂಟ್' ಅನ್ನು ಕಂಟ್ರೋಲ್ ಸಹಿತ ಆರಿಸಿ. ಪರೀಕ್ಷೆಯನ್ನು ಅಂದೇ ಮಾಡಿ, ನಾಳೆಗೆ ಇಡಬೇಡಿ.

ಅದಾದ ಮೇಲೆ 'ಪೋಸ್ಟ್ ಇನ್‌ಸ್ಟಾಲ್ ರೂಟ್ ಪ್ಯಾಚ್'. ಸಿಕೋಯಾದಲ್ಲಿ ಎಚ್‌ಡಿ 4000ಕ್ಕೆ ಬೇಕಾದ ಕೆಲವು ಕಡತಗಳನ್ನು ಪ್ಯಾಚರ್ ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ, ವೈಫೈ ಬರುವುದಾದರೋ ಪ್ಯಾಚ್ ಹಾಕಿದ ಮೇಲೆ. ಈ ಬಿಕ್ಕಟ್ಟಿಗೆ ಮದ್ದು ಈ ಯಂತ್ರದ ಪಕ್ಕದಲ್ಲೇ ಇರುವ ಈಥರ್ನೆಟ್ ಕಿಂಡಿ: ಮನೆಯ ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ನೆಟ್ ಪಡೆಯುವ ಅಡ್ಡದಾರಿ ಮ್ಯಾಕ್‌ನಲ್ಲಿ ಹೆಚ್ಚಿನ ಫೋನ್‌ಗಳಿಗೆ ನೇರವಾಗಿ ನಡೆಯುವುದಿಲ್ಲ, ಐಫೋನ್ ಇದ್ದರೆ ನಡೆಯುತ್ತದೆ. ಪ್ಯಾಚ್ ಮುಗಿದು ರೀಸ್ಟಾರ್ಟ್ ಆದ ಮೇಲೆ ಕಿಟಕಿಗಳು ಸರಾಗವಾಗುತ್ತವೆ, ವೈಫೈ ಚಿಹ್ನೆ ಮೂಡುತ್ತದೆ.

ಮುಂದಿನ ಅಪ್‌ಡೇಟ್‌ಗಳು

ತನ್ನಷ್ಟಕ್ಕೆ ಅಪ್‌ಡೇಟ್ ಆಗುವ ಸೌಲಭ್ಯವನ್ನು ಮೊದಲ ದಿನವೇ ನಿಲ್ಲಿಸಿ. ರೂಟ್ ಪ್ಯಾಚ್ ಹಾಕುವಾಗ ವ್ಯವಸ್ಥೆಯ ಮುದ್ರೆ (ಅದರ ಕಡತಗಳನ್ನು ಯಾರೂ ತಿದ್ದಿಲ್ಲವೆಂಬ ಗುರುತು) ಒಡೆದಿರುವುದರಿಂದ ಚಿಕ್ಕ ಅಪ್‌ಡೇಟ್ ಕೂಡ ಪೂರ್ಣ ಗಾತ್ರದಲ್ಲಿ ಇಳಿಯುತ್ತದೆ, ಹಾಕಿದ ಪ್ಯಾಚ್‌ಗಳನ್ನೂ ಅಳಿಸುತ್ತದೆ. ಭದ್ರತೆಯ ಕಾವಲು ಕೂಡ ಸ್ವಲ್ಪ ಸಡಿಲಗೊಂಡಿರುತ್ತದೆ, ಹಾಗಾಗಿ ಈ ಯಂತ್ರಕ್ಕೆ ಕದ್ದ ತಂತ್ರಾಂಶ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹೊಸ ಅಪ್‌ಡೇಟ್ ಬಂದರೆ ಎರಡು ವಾರ ಸುಮ್ಮನಿದ್ದು, ಮೊದಲು ಪ್ಯಾಚರನ್ನೂ ಡಿಸ್ಕಿನಲ್ಲಿರುವ ಓಪನ್‌ಕೋರನ್ನೂ ನವೀಕರಿಸಿ, ಅನಂತರ ಮ್ಯಾಕ್‌ಓಎಸ್ ನವೀಕರಿಸಿ. ಆಗ ಕಿಟಕಿಗಳು ಮತ್ತೆ ಎಳೆದಾಡಿ ವೈಫೈ ಮಾಯವಾದರೆ ಗಾಬರಿ ಬೇಡ: ಲ್ಯಾನ್ ಕೇಬಲ್ ಹಾಕಿ, ರೂಟ್ ಪ್ಯಾಚ್ ಇನ್ನೊಮ್ಮೆ ಒತ್ತಿ.